ಹಾಲಿನ ಮನೆಯಲ್ಲಿ ನೀರು ಬಣ್ಣ

ಮೊನ್ನೆ ಊಟದ ಹೊತ್ತಿಗೆ ನನ್ನ ಮೊಮ್ಮಗಳು ಉಪ್ಪಿನಕಾಯಿ ಹಾಕಿಕೊಂಡು ಬಂದಳು. ಉಪ್ಪಿನಕಾಯಿಯ ಮೇಲೆ ನನಗೇನೂ ತಕರಾರಿಲ್ಲ. ಅವಳು ಅದನ್ನು ಹಾಕಿಕೊಂಡು ಬಂದದ್ದು ನನ್ನ ಬಸಿಯಲ್ಲಿ. ಜೊತೆಗಿದ್ದ ಕಪ್ಪು ಯಾವತ್ತೋ ಒಡೆದುಹೋದ, ಅಂಚು ಒಂದು ಕಡೆ ಹಾರಿಹೋದ, ಹಳೇ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿ ನಾನು ಬಚ್ಚಿಟ್ಟಿದ್ದ ಬಿಳಿ ಪಿಂಗಾಣಿ ಬಸಿ. ನಾನು ಕೂಗಿದ ರಭಸಕ್ಕೆ ಹುಡುಗಿ ಅಲ್ಲೇ ನಿಂತುಬಿಟ್ಟಳು.

"ಯಾಕಜ್ಜಿ, ಏನಾಯ್ತು? ತೊಳೆದೇ ತಂದಿದೀನಿ. ಈ ಬಿರುಕಲ್ಲಿ ಏನೋ ನೀಲಿ ಕೂತ್ಕೊಂಡಿದೆ, ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ" ಅಂದಳು.

ಹೋಗಲಿಲ್ಲ ಎಂದು ಕೇಳಿ ನನಗೆ ಹೋದ ಜೀವ ಬಂತು. ಉಪ್ಪಿನಕಾಯಿಯನ್ನು ನನ್ನ ತಟ್ಟೆಗೆ ಸುರಿದುಕೊಂಡು ಬಸಿಯನ್ನು ಸೆರಗಿನಿಂದ ಒರೆಸಿ ಮಡಿಲಲ್ಲಿಟ್ಟುಕೊಂಡೆ. ಆಮೇಲೆ ಅನ್ನ ಎಷ್ಟು ಉಂಡೆನೋ ನೆನಪಿಲ್ಲ. ನನ್ನ ಮನಸ್ಸು ಆಗಲೇ ಹಲಸೂರಿನ ಕೊಟ್ಟಿಗೆಗೆ ಹೋಗಿ ಕೂತಿತ್ತು.

ಲಡಾಯಿ, ಅದೇ ಎರಡನೇ ಮಹಾಯುದ್ಧ, ನಡೆಯುತ್ತಿದ್ದ ಕಾಲ. ನನಗೆ ಹತ್ತೊಂಬತ್ತು ವರ್ಷ. ಕಗ್ಗದಾಸಪುರದಿಂದ ಹಲಸೂರಿಗೆ ಸೊಸೆಯಾಗಿ ಬಂದು ಎರಡು ವರ್ಷ ಆಗಿತ್ತು. ಈಗ ಕಗ್ಗದಾಸಪುರ ಅಂದರೆ ನಿಮಗೆ ಮನೆಯ ಮೇಲೆ ಮನೆ ನೆನಪಾಗುತ್ತದೆ. ಆಗ ಅದು ರಾಗಿ ಹೊಲದ ನಡುವೆ ಇದ್ದ ಪುಟ್ಟ ಹಳ್ಳಿ. ಅಲ್ಲಿಂದ ಹಲಸೂರಿಗೆ ಎತ್ತಿನ ಗಾಡಿಯಲ್ಲಿ ಬರುವಾಗ ನನ್ನ ತಾಯಿ ಪಟ್ಟಣಕ್ಕೆ ಕೊಟ್ಟ ಮಗಳೆಂದು ದಾರಿಯುದ್ದಕ್ಕೂ ಅತ್ತಿದ್ದಳು. ಪಟ್ಟಣಕ್ಕೆ ಬಂದು ನಾನು ಮಾಡಿದ್ದು ಮಾತ್ರ ಅದೇ ಸೆಗಣಿ ಬಾಚುವ ಕೆಲಸ. ನನ್ನ ಗಂಡ ವಿಮಾನದ ಕಾರ್ಖಾನೆಯಲ್ಲಿ ಲೇತು ತಿರುಗಿಸುತ್ತಿದ್ದರು. ಮನೆಯ ಯಜಮಾನಿಕೆ ಎಲ್ಲ ನಮ್ಮತ್ತೆ ಪುಟ್ಟಮ್ಮನವರದು, ಅವರ ನಾಲ್ಕು ಹಸುಗಳದು.

ದಂಡಿನ, ಅಂದರೆ ಕಂಟೋನ್ಮೆಂಟಿನ, ಬಂಗಲೆಗಳಿಂದ ಹಿಡಿದು ಹಲಸೂರು ಪೇಟೆಯವರೆಗೆ ಪುಟ್ಟಮ್ಮನ ಹಾಲು ಅಂದರೆ ಹಾಲು. ಅದರಲ್ಲಿ ಒಂದು ಹನಿ ನೀರು ಕಂಡವರಿಲ್ಲ. ಕರೆದ ಹಾಲನ್ನು ಹೊರಗೆ ಕಳಿಸುವ ಮುಂಚೆ ಅತ್ತೆಮ್ಮ ಒಂದು ಹನಿಯನ್ನು ತಮ್ಮ ಹೆಬ್ಬೆರಳಿನ ಉಗುರಿನ ಮೇಲೆ ಬಿಟ್ಟುಕೊಳ್ಳುತ್ತಿದ್ದರು. ಹನಿ ಮುತ್ತಿನ ಹಾಗೆ ನಿಂತರೆ ಹಾಲು ಹೊರಡಬಹುದು, ಜಾರಿ ಹರಿದರೆ ಮನೆಯಲ್ಲಿ ವಿಚಾರಣೆ. ಹಾಲಿನ ಪಾತ್ರೆಗಳು ಬಿಸಿಲಿನಲ್ಲಿ ಬೋರಲು ಬಿದ್ದು ಒಣಗಬೇಕು. ಕರೆಯುವವರು ಕೈ ತೊಳೆದು ಬಟ್ಟೆಯಲ್ಲಿ ಒರೆಸಿಕೊಳ್ಳಬೇಕು. ಒಂದು ಸಲ ಸೋನೆ ಮಳೆಯಲ್ಲಿ ತಪ್ಪಲೆಗೆ ನಾಲ್ಕು ಹನಿ ಬಿತ್ತು ಎಂದು ಅಷ್ಟೂ ಹಾಲನ್ನು ಮಾರದೆ ಮನೆಯವರಿಗೇ ಕುಡಿಸಿದರು. ಆ ದಿನ ನಾನೂ ನನ್ನ ಗಂಡನೂ ಹೊಟ್ಟೆ ತುಂಬ ಕುಡಿದು, ನಾಳೆಯೂ ಮಳೆ ಬರಲಿ ಎಂದು ಮುಗಿಲು ನೋಡುತ್ತ ಕೂತಿದ್ದೆವು.

ಇಂಥ ಮನೆಯಿಂದ ನಾನು ನೀರು ಬಣ್ಣ ಕಲಿಯಲು ಹೊರಟೆ. ಬ್ರಹ್ಮ ನನ್ನ ಹಣೆಯಲ್ಲಿ ಅದನ್ನು ಬರೆಯುವಾಗ ಖಂಡಿತ ನಕ್ಕಿರಬೇಕು.

ಅದಕ್ಕೆ ಕಾರಣ ನನ್ನ ರಂಗೋಲಿ. ಹಲಸೂರು ಕೆರೆಯ ದಾರಿಯಲ್ಲಿ, ಮುಂದುಗಡೆ ಮರದ ಜಾಲರಿ ಇದ್ದ ಹೆಂಚಿನ ಮನೆಯಲ್ಲಿ ಡೋರಾ ಮಿಸ್ಸಮ್ಮ ಅಂತ ಇದ್ದರು. ದಂಡಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದು ನಿವೃತ್ತರಾದವರು. ಅವರ ತಂದೆ ರೈಲ್ವೆಯಲ್ಲಿ ಗಾರ್ಡ್ ಆಗಿದ್ದರಂತೆ. ಮಿಸ್ಸಮ್ಮ ಗೌನು ಹಾಕುತ್ತಿದ್ದರು, ಕನ್ನಡ, ತಮಿಳು, ಹಿಂದೂಸ್ತಾನಿ, ಇಂಗ್ಲಿಷ್ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದರು. ಬೆಳಿಗ್ಗೆ ಇಗರ್ಜಿಗೆ ಹೋಗುವಾಗ ನಮ್ಮ ಬಾಗಿಲ ಮುಂದೆ ನಿಂತು ನನ್ನ ರಂಗೋಲಿ ನೋಡಿ, ಅದನ್ನು ತುಳಿಯದಂತೆ ಗೌನು ಎತ್ತಿಕೊಂಡು ಸುತ್ತಿ ಹೋಗುತ್ತಿದ್ದರು. ದಸರಾ ಕಳೆದ ಮೇಲೆ ಒಂದು ದಿನ ನೇರವಾಗಿ ಒಳಗೇ ಬಂದುಬಿಟ್ಟರು.

"ಪುಟ್ಟಮ್ಮ, ನಿಮ್ಮ ಡಾಟರ್-ಇನ್-ಲಾ ಕೈ ಬಹುತ್ ಅಚ್ಛಾ. ಸ್ಯಾಟರ್ಡೇ ನನ್ನ ಮನೆಗೆ ಕಳಿಸಿ. ನಾನು ಪೇಂಟಿಂಗ್ ಹೇಳಿಕೊಡ್ತೀನಿ."

"ಅವ್ಳು ಚಿತ್ರ ಬರ್ಕೊಂಡು ಕೂತ್ರೆ ಸೆಗಣಿ ಯಾರು ಬಾಚ್ತಾರೆ ಮಿಸ್ಸಮ್ಮ?"

"ಊಟ ಆದ್ಮೇಲೆ, ಒಂದರಿಂದ ಮೂರು. ಆಗ ಹಸು ಮಲಗಿರುತ್ತೆ, ನೀವೂ ಮಲಗಿರ್ತೀರಿ. ಕರೆಯೋ ಹೊತ್ತಿಗೆ ಬಂದ್ಬಿಡ್ತಾಳೆ."

ಮಿಸ್ಸಮ್ಮನ ಮಾತನ್ನು ಅತ್ತೆಮ್ಮ ತೆಗೆದುಹಾಕುವ ಹಾಗಿರಲಿಲ್ಲ. ಎಷ್ಟೋ ವರ್ಷಗಳಿಂದ ಹಾಲು ತೆಗೆದುಕೊಳ್ಳುತ್ತಿದ್ದರೂ ಒಮ್ಮೆಯೂ ಪಾತ್ರೆಯೊಳಗೆ ಇಣುಕಿ ನೋಡದ ಗಿರಾಕಿ ಅವರೊಬ್ಬರೇ. ಅತ್ತೆಮ್ಮ ಎಲೆ ಅಡಿಕೆ ಮೆಲ್ಲುತ್ತ ಯೋಚನೆ ಮಾಡಿದರು. ನಾನು ಬಾಗಿಲ ಸಂದಿಯಲ್ಲಿ ಕಿವಿಗೊಟ್ಟು ನಿಂತಿದ್ದೆ.

"ಸಂಕ್ರಾಂತಿ ಗಂಟ ಹೋಗ್ಲಿ" ಅಂದರು ಕೊನೆಗೆ. "ಹಬ್ಬದ ದಿನ ನಮ್ ಗೌರೀನ ಬರೆದು ತೋರಿಸ್ಬೇಕು. ನೋಡ್ತಿದ್ದಂಗೇ ಇದು ಗೌರಿ ಅಂತ ನಂಗೆ ಗುರ್ತು ಸಿಕ್ಬೇಕು. ಸಿಕ್ಕಿದ್ರೆ ಮುಂದಕ್ಕೂ ಹೋಗ್ಲಿ. ಇಲ್ಲಾಂದ್ರೆ ಅಲ್ಲಿಗೆ ಮುಗೀತು, ಮನೇಲಿ ಬೆರಣಿ ತಟ್ಲಿ."

ಗೌರಿ ನಮ್ಮ ಮನೆಯ ಹಿರಿಯ ಹಸು. ಅಚ್ಚ ಬಿಳಿ. ಅತ್ತೆಮ್ಮನಿಗೆ ಅವಳು ಮಗಳಿಗಿಂತ ಹೆಚ್ಚು, ಸೊಸೆಗಿಂತ ತುಂಬಾ ಹೆಚ್ಚು.

ಮಿಸ್ಸಮ್ಮನ ಬಣ್ಣದ ಡಬ್ಬಿ ತಗಡಿನದು. ಅದರಲ್ಲಿ ಹನ್ನೆರಡು ಗುಳಿ, ಬಣ್ಣ ಉಳಿದಿದ್ದದ್ದು ಐದರಲ್ಲಿ. ಹಳದಿಯ ಗುಳಿಯಲ್ಲಿ ತಗಡು ಕಾಣುತ್ತಿತ್ತು. ಶಾಲೆಯ ಹುಡುಗಿಯರೆಲ್ಲ ಮೊದಲು ಬರೆಯುವುದು ಸೂರ್ಯನನ್ನೇ ಆದ್ದರಿಂದ ಅದು ಎಲ್ಲಕ್ಕಿಂತ ಮುಂಚೆ ಮುಗಿದಿತ್ತು. ಲಡಾಯಿ ಮುಗಿಯುವವರೆಗೆ ಹೊಸ ಬಣ್ಣ ಬರುವುದಿಲ್ಲ ಎಂದರು. ನನಗೆಂದು ಒಂದು ಕುಂಚ, ಬಣ್ಣ ಕಲಸಲು ಈ ಬಸಿ. "ಕಪ್ಪು ನಾನೇ ಒಡೆದದ್ದು, ಸಾಸರ್ ಪಾಪ ಒಂಟಿ, ನೀನು ಇಟ್ಕೋ" ಎಂದು ಕೈಗಿಟ್ಟರು.

ಮೊದಲ ಶನಿವಾರ ಕೆರೆಯ ಮೇಲಿನ ಆಕಾಶ ಬರೆಯಲು ಹೇಳಿದರು. ನಾನು ನೀಲಿಯನ್ನು ಕುಂಚದಲ್ಲಿ ಚೆನ್ನಾಗಿ ಅರೆದು, ಗಟ್ಟಿಯಾಗಿ ಕಾಗದಕ್ಕೆ ಮೆತ್ತಿದೆ. ಮಿಸ್ಸಮ್ಮ ಕನ್ನಡಕ ಏರಿಸಿ ನೋಡಿದರು.

"ನೀರು ಹಾಕು, ಚೈಲ್ಡ್."

ಕುಂಚದ ತುದಿಯನ್ನು ಮುಟ್ಟಿಯೂ ಮುಟ್ಟದ ಹಾಗೆ ನೀರಿಗೆ ತೋರಿಸಿದೆ.

"ಇನ್ನೂ ನೀರು. ತಣ್ಣಿ. ಪಾನಿ. ವಾಟರ್." ನಾಲ್ಕು ಭಾಷೆಯಲ್ಲಿ ಹೇಳಿದರೆ ಒಂದಾದರೂ ನನ್ನ ತಲೆಗೆ ಹೋಗಬಹುದು ಎಂದುಕೊಂಡಿರಬೇಕು.

ನನಗೆ ಮಾತು ಅರ್ಥವಾಗದೆ ಇರಲಿಲ್ಲ, ಕೈ ಬರಲಿಲ್ಲ. ನೀವೇ ಯೋಚನೆ ಮಾಡಿ. ಎರಡು ವರ್ಷ ಹಗಲೂ ರಾತ್ರಿ ನೀರು ಬೀಳದಂತೆ ಪಾತ್ರೆ ಕಾದ ಕೈ ಅದು. ಒಳ್ಳೆಯ ಪದಾರ್ಥಕ್ಕೆ ನೀರು ಬೆರೆಸು ಎಂದರೆ ನನಗೆ ಕಳ್ಳತನ ಮಾಡು ಎಂದ ಹಾಗೆ ಕೇಳಿಸುತ್ತಿತ್ತು. ನನ್ನ ಮೊದಲ ಆಕಾಶ ಗಟ್ಟಿ ಮೊಸರಿನಂತೆ ಕಾಗದದ ಮೇಲೆ ಕೂತಿತ್ತು. ಎರಡನೆಯದನ್ನು ಮನೆಗೆ ತಂದು ಕೊಟ್ಟಿಗೆಯ ಗೂಡಿನಲ್ಲಿಟ್ಟಿದ್ದೆ, ಗೌರಿಯ ಕರು ಅದನ್ನು ತಿಂದುಹಾಕಿತು. ನನ್ನ ಚಿತ್ರ ಮೊದಲು ಹಿಡಿಸಿದ್ದು ಅದಕ್ಕೇ. ರಾತ್ರಿ ಊಟಕ್ಕೆ ಕೂತಾಗ ನನ್ನ ಗಂಡ, "ಆಕಾಶ ನುಂಗಿದ ಕರು ನಮ್ದೊಂದೇ ಇರ್ಬೇಕು ಕಣೆ ಇಡೀ ಬೆಂಗ್ಳೂರಲ್ಲಿ" ಎಂದು ಉಣ್ಣುತ್ತಲೇ ನಕ್ಕರು.

ನಾಲ್ಕನೆಯ ಶನಿವಾರ ಮಿಸ್ಸಮ್ಮ ತಾಳ್ಮೆ ಕಳೆದುಕೊಂಡರು. ನನ್ನ ಕೈಯಿಂದ ಕುಂಚ ಕಿತ್ತುಕೊಂಡು ಕಾಗದದ ಮೇಲೆಲ್ಲ ಬರೀ ನೀರು ಬಳಿದರು. ಬಸಿಯ ನೀಲಿಗೆ ಧಾರಾಳವಾಗಿ ನೀರು ಸುರಿದರು. ಹಲಗೆಯನ್ನು ಕೊಂಚ ಓರೆ ಮಾಡಿ, "ಈಗ ನೀನು ಮೇಲ್ಗಡೆ ಒಂದು ಗೆರೆ ಎಳೆ, ಆಮೇಲೆ ಸುಮ್ನೆ ನೋಡು" ಎಂದರು. ಎಳೆದೆ. ನೀಲಿ ತನ್ನಷ್ಟಕ್ಕೆ ತಾನು ಕೆಳಗೆ ಇಳಿಯತೊಡಗಿತು. ಮೇಲೆ ದಟ್ಟ, ನಡುವೆ ತಿಳಿ, ಕೆರೆಯ ಅಂಚಿಗೆ ಬರುವ ಹೊತ್ತಿಗೆ ಇದೆಯೋ ಇಲ್ಲವೋ ಅನ್ನುವಷ್ಟು. ಕಿಟಕಿಯಾಚೆ ನೋಡಿದೆ, ಹಲಸೂರು ಕೆರೆಯ ಮೇಲೆ ಅದೇ ಆಕಾಶ ಇತ್ತು. ನಾನು ಹುಟ್ಟಿದಾಗಿನಿಂದ ಅದರ ಕೆಳಗೇ ಓಡಾಡಿದ್ದೆ, ಅದು ಕೆಳಗೆ ಬರುತ್ತ ತೆಳುವಾಗುತ್ತದೆ ಎಂದು ಒಂದು ದಿನವೂ ನೋಡಿರಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಮಿಸ್ಸಮ್ಮ, "ಗುಡ್. ಅದನ್ನೂ ಹಾಕು ಪೇಪರ್ ಮೇಲೆ" ಅಂದರು.

ಅವತ್ತಿನಿಂದ ನನಗೆ ವಾರ ಅಂದರೆ ಶನಿವಾರ. ಉಳಿದ ಆರು ದಿನ ಅದರ ದಾರಿ ಕಾಯುವುದಕ್ಕೆ ಇದ್ದವು. ಆ ಎರಡು ಗಂಟೆ ಕೈತಪ್ಪಿ ಹೋದರೆ ನಾನು ಏನು ಮಾಡಲಿ ಎಂದು ಬೆರಣಿ ತಟ್ಟುವಾಗ ಯೋಚಿಸಿ ಹೆದರುತ್ತಿದ್ದೆ.

ಬಿಳಿಯದು ಇನ್ನೊಂದು ಕಥೆ. ಡಬ್ಬಿಯಲ್ಲಿ ಬಿಳಿ ಬಣ್ಣ ಹುಡುಕಿ ಸಿಗದೆ ಕೇಳಿದೆ. "ಬಿಳಿ ನಾವು ಹಾಕಲ್ಲ, ಬಿಡ್ತೀವಿ. ಪೇಪರೇ ಬಿಳಿ" ಅಂದರು ಮಿಸ್ಸಮ್ಮ. ನಾನು ನಂಬಲಿಲ್ಲ. ಕಗ್ಗದಾಸಪುರದ ನಮ್ಮ ಮನೆಯಲ್ಲಿ ಹಬ್ಬಕ್ಕೆ ಮುಂಚೆ ಅವ್ವ ಮಣ್ಣಿನ ಗೋಡೆಗೆ ಸುಣ್ಣ ಹೊಡೆಯುವಾಗ ಬಕೆಟ್ಟು ಹಿಡಿದು ನಿಲ್ಲುತ್ತಿದ್ದವಳು ನಾನು. ಅವ್ವನ ಕೂದಲು, ಮೂಗು, ಬಳೆ ಎಲ್ಲ ಬೆಳ್ಳಗಾಗುತ್ತಿತ್ತು. ಬಾಗಿಲಿಗೆ ರಂಗೋಲಿ ಪುಡಿ, ಗೋಡೆಗೆ ಸುಣ್ಣ. ಬಿಳಿ ಅಂದರೆ ಎಲ್ಲಿಂದಲೋ ತಂದು ಬಳಿಯುವ ವಸ್ತು ನನಗೆ. ಸುಮ್ಮನೆ ಬಿಟ್ಟರೆ ಬಿಳಿ ಬರುತ್ತದೆ ಎಂದರೆ ಯಾರು ನಂಬುತ್ತಾರೆ?

ಡಿಸೆಂಬರಿನ ಒಂದು ಶನಿವಾರ ಅತ್ತೆಮ್ಮ ಯಾವುದೋ ಕೆಲಸಕ್ಕೆ ಆ ದಾರಿಯಲ್ಲಿ ಬಂದವರು ಮಿಸ್ಸಮ್ಮನ ಜಾಲರಿಯ ಬಳಿ ನಿಂತರು. ನಾನು ಬಸಿಗೆ ಚೊಂಬಿನಿಂದ ನೀರು ಬಗ್ಗಿಸುತ್ತಿದ್ದೆ. "ಹೆದರ್ಬೇಡ, ಹಾಕು, ಇನ್ನೂ ಹಾಕು" ಎಂದು ಮಿಸ್ಸಮ್ಮ ಹುರಿದುಂಬಿಸುತ್ತಿದ್ದರು. ಅತ್ತೆಮ್ಮ ಕಣ್ಣಾರೆ ನೋಡಿದರು, ಹಾಗೇ ಹೊರಟುಹೋದರು. ಸಂಜೆ ಕರೆಯುವ ಹೊತ್ತಿಗೆ ನಾನು ತಪ್ಪಲೆಗೆ ಕೈಹಾಕಿದೆ.

"ನೀನು ಹಾಲಿನ ಪಾತ್ರೆ ಮುಟ್ಬೇಡ ಜಯಮ್ಮ."

"ಯಾಕತ್ತೆಮ್ಮ?"

"ಅದು ಬಣ್ಣ, ಇದು ಹಾಲು, ನಂಗೊತ್ತು. ನಿನ್ ಮೇಲೆ ಅನುಮಾನ ಏನಿಲ್ಲ. ಆದ್ರೆ ಕೈಗೆ ಒಂದು ಅಭ್ಯಾಸ ಅಂತ ಇರ್ತದೆ ಕಣವ್ವ. ಒಂದ್ಕಡೆ ನೀರು ಸುರಿಯೋ ಕೈ ಇನ್ನೊಂದ್ ಕಡೆ ಸುಮ್ಕಿರ್ತದಾ?"

ಅಲ್ಲಿಂದ ಮುಂದೆ ಹಾಲಿನ ಕಡೆ ನನಗೆ ಪ್ರವೇಶವಿಲ್ಲ. ಬರೀ ಸೆಗಣಿಯ ಇಲಾಖೆ. ನನಗೆ ನಗು ಬಂದರೂ ಒಳಗೆ ನೋವಾಯಿತು. ಹಾಲಿನ ಮನೆಯಲ್ಲಿ ಹಾಲಿನ ಪಾತ್ರೆ ಮುಟ್ಟದ ಸೊಸೆ ಅಂದರೆ ಅರ್ಧ ಹೊರಗಿನವಳು.

ಗೌರಿಯನ್ನು ನೋಡಿಕೊಂಡೇ ಬರೆಯಲೆಂದು ಮಿಸ್ಸಮ್ಮ ತಮ್ಮ ಬಣ್ಣದ ಡಬ್ಬಿಯನ್ನೂ ಒಂದು ಕಾಗದವನ್ನೂ ಮನೆಗೆ ಕೊಟ್ಟಿದ್ದರು. ಹಬ್ಬದ ಹಿಂದಿನ ದಿನ ಗೌರಿಯ ಚಿತ್ರ ಮುಗಿಯಿತು. ಮಿಸ್ಸಮ್ಮ ಹೇಳಿದಂತೆಯೇ ಮಾಡಿದ್ದೆ. ಹಿಂದೆ ಕೊಟ್ಟಿಗೆಯ ಕಂದು ಗೋಡೆ, ಪಕ್ಕದಲ್ಲಿ ಬೇವಿನ ಮರದ ಹಸಿರು ನೆರಳು, ಕೆಳಗೆ ಹುಲ್ಲು. ಇವುಗಳ ನಡುವೆ ಹಸುವಿನಷ್ಟು ಜಾಗವನ್ನು ಮುಟ್ಟದೆ ಬಿಟ್ಟಿದ್ದೆ. ಮಧ್ಯಾಹ್ನ ಹೆಮ್ಮೆಯಿಂದ ಗಂಡನಿಗೆ ತೋರಿಸಿದೆ. ಅವರು ಅದನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

"ಚೆನ್ನಾಗೈತೆ ಕಣೆ. ಗೋಡೆ ನಮ್ದೇ, ಮರಾನೂ ನಮ್ದೇ. ಹಸು ಯಾವಾಗ ಬರೀತೀಯ?"

ಇವರಿಗೇ ಕಾಣದಿದ್ದ ಮೇಲೆ ಅತ್ತೆಮ್ಮನಿಗೆ ಕಂಡೀತೆ? ಮಿಸ್ಸಮ್ಮನ ಮಾತೆಲ್ಲ ಗಾಳಿಗೆ ಹೋಯಿತು. ಅತ್ತೆಮ್ಮನ ಎಲೆ ಅಡಿಕೆ ತಟ್ಟೆಯಿಂದ ಸುಣ್ಣ ತೆಗೆದು, ಒಂದು ವೀಳ್ಯದೆಲೆಯ ಮೇಲೆ ಕಲಸಿ, ಬಿಟ್ಟ ಜಾಗಕ್ಕೆಲ್ಲ ಬಳಿದೆ. ಹಸು ಎದ್ದು ಬಂತು. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ನಾಳೆ ಸಂಕ್ರಾಂತಿ, ಹಸುವಿನ ಮೈಗೆ ಅರಿಶಿನ ಹಚ್ಚುತ್ತಾರಲ್ಲ, ಚಿತ್ರದ ಹಸುವಿಗೂ ಹಚ್ಚಿಬಿಡೋಣ ಎಂದು ಬುದ್ಧಿ ಓಡಿತು. ಡಬ್ಬಿಯಲ್ಲಿ ಹಳದಿ ಇಲ್ಲ. ಅಡುಗೆಮನೆಯಲ್ಲಿ ಅರಿಶಿನ ಬೇಕಾದಷ್ಟಿದೆ.

ಹಚ್ಚುತ್ತ ಹಚ್ಚುತ್ತ ನನ್ನ ಕಣ್ಣೆದುರಿಗೇ ಗೌರಿ ಕೆಂಪಾದಳು. ಬೆನ್ನು, ಹೊಟ್ಟೆ, ಮುಖ, ಎಲ್ಲ ರಕ್ತಗೆಂಪು.

ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಮದುವೆ, ಬಾಣಂತನ, ಹಬ್ಬ ಎಂದು ಅವೆರಡನ್ನೇ ನೀರಿಗೆ ಕದಡಿ ಆರತಿಯ ತಟ್ಟೆಗೆ ಹಾಕಿದವಳು ನಾನು. ಬ್ರಷ್ ಕೈಗೆ ಬಂದ ಕೂಡಲೇ ಮನೆಯ ಬುದ್ಧಿ ಮರೆತು ಕೂತಿದ್ದೆ. ನನ್ನ ಗಂಡ ಗೋಡೆಗೆ ಆತುಕೊಂಡು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು.

"ಇನ್ನೊಂದು ಬರಿಯಕ್ಕೆ ಆಗಲ್ವೇನೆ?"

"ಕಾಗದ ಇಲ್ಲ. ಹೊತ್ತೂ ಇಲ್ಲ" ಅಂದೆ. ನನ್ನ ಶನಿವಾರಗಳು ಮುಗಿದವು ಎಂದುಕೊಂಡೆ.

ಆಗ ನೆನಪಾಯಿತು. ಕೆಟ್ಟ ಚಿತ್ರವನ್ನು ಮಿಸ್ಸಮ್ಮ ಎಸೆಯುತ್ತಿರಲಿಲ್ಲ. ಬೋಗುಣಿಯ ನೀರಿನಲ್ಲಿ ಮಲಗಿಸಿ, "ವಾಟರ್ ತಪ್ಪು ಮಾಡ್ಸುತ್ತೆ, ವಾಟರೇ ಸರಿ ಮಾಡುತ್ತೆ" ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಅಷ್ಟು ಅಗಲದ್ದು ಅಂದರೆ ಹಸುಗಳು ನೀರು ಕುಡಿಯುವ ಕಲ್ಲಿನ ಬಾನಿ. ಚಿತ್ರವನ್ನು ಅದರಲ್ಲಿ ತೇಲಿಬಿಟ್ಟೆ. ಗೌರಿ ಬಂದು ಮೂಸಿ ನೋಡಿ, ತನ್ನದೇ ರೂಪ ತನಗೆ ಹಿಡಿಸದೆ ಹೋಯಿತು. ಸುಣ್ಣ ಕರಗಿತು, ಕೆಂಪು ಹೊಗೆಯ ಹಾಗೆ ಎದ್ದು ಹೋಯಿತು. ಗೋಡೆ, ಮರ, ಹುಲ್ಲು ಒಂದಕ್ಕೊಂದು ಸ್ವಲ್ಪ ಸ್ವಲ್ಪ ಬೆರೆತವು. ತೆಗೆದು ಗೋಡೆಯ ಮೇಲೆ, ಬೆರಣಿಗಳ ಪಕ್ಕದಲ್ಲಿ ಬಿಸಿಲಿಗೆ ಒಣಗಹಾಕಿದೆ. ಅದನ್ನು ಮತ್ತೆ ನೋಡಲು ಧೈರ್ಯ ಬರಲಿಲ್ಲ.

ಹಬ್ಬದ ದಿನ ಅತ್ತೆಮ್ಮ ಗೌರಿಗೆ ಸ್ನಾನ ಮಾಡಿಸಿ, ಅರಿಶಿನ ಹಚ್ಚಿ, ಕೊರಳಿಗೆ ಹೂವು ಕಟ್ಟಿ ಅಂಗಳದಲ್ಲಿ ನಿಲ್ಲಿಸಿದರು. ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡು, "ತತ್ತಾ ನೋಡಾನ" ಎಂದು ಕೈ ಚಾಚಿದರು. ಕೊಟ್ಟೆ. ನನ್ನ ಗಂಡ ಹಸುವಿನ ಆ ಕಡೆ ಹೋಗಿ ಅಡಗಿದರು.

ಅತ್ತೆಮ್ಮ ನೋಡಿದರು. ಚಿತ್ರವನ್ನು ಗೌರಿಯ ಪಕ್ಕಕ್ಕೆ ಹಿಡಿದು ಅದನ್ನೊಮ್ಮೆ ಇದನ್ನೊಮ್ಮೆ ನೋಡಿದರು. ನಾನೂ ಆಗಲೇ ಮೊದಲ ಸಲ ಸರಿಯಾಗಿ ನೋಡಿದ್ದು. ತೊಳೆದ ಮೇಲೂ ಅರಿಶಿನ ಪೂರ್ತಿ ಬಿಟ್ಟಿರಲಿಲ್ಲ. ಬಿಳಿಯ ಮೇಲೆ ತಿಳಿಯಾಗಿ ಒಂದಿಷ್ಟು ಹಳದಿ, ಒಂದಿಷ್ಟು ಗುಲಾಬಿ ನಿಂತಿತ್ತು.

"ಹಿಂದಿನ ಬಲಗಾಲು ನೆಲಕ್ಕೆ ಊರಿಲ್ಲ" ಅಂದರು ಅತ್ತೆಮ್ಮ.

ಗೌರಿ ಸಣ್ಣವಳಿದ್ದಾಗ ಹಳ್ಳಕ್ಕೆ ಬಿದ್ದು ಆ ಕಾಲಿಗೆ ಪೆಟ್ಟು ಮಾಡಿಕೊಂಡಿದ್ದಳಂತೆ. ನಿಂತರೆ ಆ ಗೊರಸನ್ನು ತುಸು ಎತ್ತಿಯೇ ನಿಲ್ಲುತ್ತಿದ್ದಳು. ಅದನ್ನು ಬರೆಯಬೇಕೆಂದು ನಾನು ಬರೆದದ್ದಲ್ಲ. ದಿನಾ ಅವಳ ಹಿಂದೆ ಸೆಗಣಿ ಬಾಚಿದವಳಿಗೆ ಅದು ತಾನಾಗಿ ಕೈಗೆ ಬಂದಿತ್ತು.

"ಗೌರಿನೇ" ಅಂದರು ಅತ್ತೆಮ್ಮ. "ಮೈ ತೊಳೆದು ಅರ್ಶಿನ ಹಚ್ಚಿದ ಮೇಲೆ ಹಿಂಗೇ ಕಾಣ್ತಾಳೆ. ಈ ಬಣ್ಣ ಹೆಂಗ್ ತಂದೆ?"

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. "ನೀರು, ಅತ್ತೆಮ್ಮ. ಎಲ್ಲಾ ಕೆಡಿಸಿಬಿಟ್ಟಿದ್ದೆ. ಬಾನಿ ನೀರಲ್ಲಿ ನೆನೆಹಾಕ್ದೆ" ಅಂದೆ.

ಅವರು ಚಿತ್ರವನ್ನು ಜಗಲಿಯ ಮೇಲೆ ಇಟ್ಟರು. ಆಮೇಲೆ, "ಆ ಬಸಿ ತತ್ತಾ" ಅಂದರು. ತಂದೆ. ಅದರಲ್ಲಿ ನಾನು ಹಿಂದಿನ ದಿನ ಮರದ ನೆರಳಿಗೆಂದು ಕಲಸಿದ್ದ ನೀಲಿ ಇನ್ನೂ ಒಣಗದೆ ತಳದಲ್ಲಿತ್ತು. ಅದರಲ್ಲಿ ಬೆರಳು ಅದ್ದಿ, ಒಂದು ಹನಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಬಿಟ್ಟುಕೊಂಡರು. ನಾವು ಮೂವರೂ ಬಗ್ಗಿ ನೋಡಿದೆವು. ಹನಿ ಜಾರದೆ ದುಂಡಗೆ ನಿಂತಿತ್ತು.

"ನಿಂತ್ಕಂಬಿಡ್ತಲ್ಲ" ಎಂದರು ಅತ್ತೆಮ್ಮ. "ಹಾಲಾಗಿದ್ರೆ ಸರಿಹೋಗ್ತಿತ್ತು. ಇದಕ್ಕೆ ಇನ್ನೊಂಚೂರು ನೀರು ಬೇಕು."

ನಾನು ಜೋರಾಗಿ ನಕ್ಕುಬಿಟ್ಟೆ, ಅತ್ತೆಯ ಮುಂದೆ ಹಾಗೆ ನಗಬಾರದು ಎಂಬುದೂ ಮರೆತುಹೋಗಿತ್ತು. ಆ ಸಂಜೆ ದಂಡಿನ ಮನೆಗಳಿಗೆ ಹಾಲು ಅಳೆದುಕೊಟ್ಟದ್ದು ಆ ನೀಲಿ ಉಗುರಿನ ಕೈಯೇ.

ಆಮೇಲೆ ನಾನೇನೂ ದೊಡ್ಡ ಚಿತ್ರಗಾರ್ತಿ ಆಗಲಿಲ್ಲ. ನನ್ನ ಮರಗಳು ಇವತ್ತಿಗೂ ಹೂಕೋಸಿನ ಹಾಗೇ ಇರುತ್ತವೆ. ಮುಂದಿನ ಶನಿವಾರದ ವಿಷಯ ಹೇಳಿ ಮುಗಿಸುತ್ತೇನೆ. ಊಟ ಆಗಿ ನಾನು ಹೊರಡುತ್ತಿದ್ದೆ. ಅತ್ತೆಮ್ಮ ಜಗಲಿಯ ಮೇಲೆ ಒಂದು ಚೊಂಬು ಹಿಡಿದು ನಿಂತಿದ್ದರು. ಹಾಲಿನ ಚೊಂಬೇ. ಒಂದು ಕಡೆ ನೆಗ್ಗಿತ್ತು, ಆದರೂ ನನಗೆ ತಿಳಿದಮಟ್ಟಿಗೆ ಅದರೊಳಗೆ ಹಾಲು ಬಿಟ್ಟು ಬೇರೇನೂ ಬಿದ್ದಿರಲಿಲ್ಲ. ಈಗ ಅದರ ಬಾಯಿಯವರೆಗೆ ನೀರು ತುಂಬಿತ್ತು.

"ಬಾವಿ ನೀರು. ಈಗ್ತಾನೆ ಸೇದಿದ್ದು" ಎಂದು ನನ್ನ ಕೈಗೆ ಕೊಟ್ಟರು. "ಚೆಲ್ಲದಂಗೆ ತಗೊಂಡೋಗು. ಕಮ್ಮಿ ಹಾಕ್ಬೇಡ."